ಪ್ರೆಸ್ ಪ್ಲೇಟ್ ಬಾಗಿದರೂ ಸರಿ, ಸಿಡಿಯಬಾರದು

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಗ್ಯಾರೇಜ್ ಇದೆ. 20 ಟನ್ನಿನ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಬೇರಿಂಗ್, ಬುಷ್ ಬಿಚ್ಚುವ, ಕೂರಿಸುವ ಕೆಲಸ ಮಾಡುತ್ತೇವೆ. ಪ್ರೆಸ್ ಜೊತೆ ಬಂದ ಎರಡು ಬೀಡಿನ (ಎರಕದ ಕಬ್ಬಿಣದ) ಪ್ಲೇಟುಗಳಲ್ಲಿ ಒಂದು ಹೋದ ವಾರ ಎರಡು ತುಂಡಾಯಿತು. ಗುಜರಿಯಲ್ಲಿ 25 ಮಿ.ಮೀ. ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಸಿಗುತ್ತದೆ. ಗೆಳೆಯರೊಬ್ಬರು ಇಎನ್31 ಅನ್ನುವ ಸ್ಟೀಲ್ ತಂದು ಹಾರ್ಡನಿಂಗ್ (ಕಾಯಿಸಿ, ತಣಿಸಿ ಗಡಸು ಮಾಡುವುದು) ಮಾಡಿಸಿ ಅನ್ನುತ್ತಾರೆ. ಮುರಿದದ್ದನ್ನೇ ವೆಲ್ಡ್ ಮಾಡಿಸಿದರೆ ಆಗುವುದಿಲ್ಲವೇ? ಪ್ಲೇಟುಗಳು ಕೂರುವ ಕೆಳಗಿನ ಎರಡು ಚಾನೆಲ್‌ಗಳ (ಉಕ್ಕಿನ ತೊಲೆಗಳ) ನಡುವಿನ ಅಂತರ 120 ಮಿ.ಮೀ. ಇದೆ.

ಉತ್ತರ: ಯಾರಿಗೂ ಪೆಟ್ಟಾಗಲಿಲ್ಲ ತಾನೇ? ಮೊದಲು ಅದನ್ನೇ ಕೇಳಬೇಕು ಅನಿಸಿತು. ನಾನು ಕೆಲಸ ಕಲಿಯುತ್ತಿದ್ದ ವರ್ಕ್‌ಶಾಪಿನಲ್ಲಿ ಹೀಗೇ ಒಂದು ಬೀಡಿನ ಪ್ಲೇಟ್ ಒಡೆದಿತ್ತು. ಪಟಾಕಿ ಸಿಡಿದ ಹಾಗೆ ಸದ್ದು. ಅಂಗೈಯಗಲದ ತುಂಡೊಂದು ಹಾರಿ ಎದುರಿನ ಗೋಡೆಯ ಗಾರೆ ಕಿತ್ತಿತು. ಒಂದು ನಿಮಿಷದ ಮೊದಲು ಅಲ್ಲೇ ನಮ್ಮ ಹುಡುಗ ನಿಂತಿದ್ದ. ಆವತ್ತಿನಿಂದ ಪ್ರೆಸ್ ಕೆಳಗೆ ಬೀಡು ಇಡುವುದನ್ನು ನಾನು ಬಿಟ್ಟೆ.

ನಿಮ್ಮ ಪ್ಲೇಟ್ ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಪೂರ್ತಿ ಬೂದು ಬಣ್ಣದಲ್ಲಿ, ಸಣ್ಣ ಹರಳಿನ ಹಾಗೆ ಮಿನುಗುತ್ತಿದ್ದರೆ ಒಂದೇ ಸಲಕ್ಕೆ ಒಡೆದಿದೆ. ಕೆಳ ಅಂಚಿನಲ್ಲಿ ತುಕ್ಕಿನ ಬಣ್ಣದ ಒಂದು ಪಟ್ಟಿ ಇದ್ದರೆ, ಬಿರುಕು ಎಷ್ಟೋ ದಿನದಿಂದ ಅಲ್ಲೇ ಇತ್ತು, ಯಾರೂ ಗಮನಿಸಿರಲಿಲ್ಲ ಅಂತ ಅರ್ಥ. ಬೀಡು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಪ್ಲೇಟ್ ಮೇಲೆ ಭಾರ ಬಿದ್ದಾಗ ಮೇಲ್ಮೈ ಒತ್ತಿಕೊಳ್ಳುತ್ತದೆ, ಅಡಿಭಾಗ ಎಳೆಯಲ್ಪಡುತ್ತದೆ. ಹಾಗಾಗಿ ಬಿರುಕು ಶುರುವಾಗುವುದು ನಮ್ಮ ಕಣ್ಣಿಗೆ ಕಾಣದ ಅಡಿಯಲ್ಲೇ. ವೆಲ್ಡ್ ಮಾಡಿಸುವ ಯೋಚನೆ ದಯವಿಟ್ಟು ಬಿಡಿ. ಬೀಡಿನ ವೆಲ್ಡಿಂಗ್ ಪಕ್ಕದಲ್ಲೇ ಮತ್ತೆ ಬಿರುಕು ಬಿಡುತ್ತದೆ. ಆ ಪ್ಲೇಟಿನ ಜೋಡಿಯನ್ನೂ ಇವತ್ತೇ ಗುಜರಿಗೆ ಹಾಕಿ.

ಇಎನ್31 ಒಳ್ಳೆಯ ಸ್ಟೀಲ್. ಬೇರಿಂಗ್ ಮಾಡುವುದು ಅದರಲ್ಲೇ. ಆದರೆ ಹಾರ್ಡನಿಂಗ್ ಮಾಡಿಸಿದ ಮೇಲೆ ಅದು ಬಾಗುವುದಿಲ್ಲ, ಸಿಡಿಯುತ್ತದೆ. ಅಂದರೆ ಬೀಡಿನಿಂದ ತಪ್ಪಿಸಿಕೊಂಡು ಅದೇ ಅಪಾಯಕ್ಕೆ ಜಾಸ್ತಿ ದುಡ್ಡು ಕೊಟ್ಟ ಹಾಗೆ. ಲಾರಿಯ ಲೀಫ್ ಸ್ಪ್ರಿಂಗ್ ತುಂಡು, ರೈಲು ಹಳಿಯ ತುಂಡು ಕೂಡ ಬೇಡ. ಹಳಿ ವಿಷಯದಲ್ಲಿ ಇನ್ನೊಂದು ಮಾತು: ಲೆಕ್ಕವಿಲ್ಲದ ರೈಲ್ವೆ ಮಾಲು ಕೈಯಲ್ಲಿದ್ದರೆ 1966ರ ಕಾಯ್ದೆ ಪ್ರಕಾರ ಕೇಸು ಬೀಳುತ್ತದೆ.

ನಿಮಗೆ ಬೇಕಾಗಿರುವುದು ಸಾಮಾನ್ಯ ಎಂಎಸ್, ಅಂದರೆ ಐಎಸ್ 2062 ಅನ್ನುವ ಭಾರತೀಯ ಮಾನದಂಡದ ಇ250 ದರ್ಜೆಯದು. ಮೆತ್ತಗಿದೆ ಅಂತ ಹೆದರಬೇಡಿ. ಭಾರ ಮಿತಿಮೀರಿದರೆ ಅದು ಮೊದಲು ಬಾಗಿ ತೋರಿಸುತ್ತದೆ. ನೀವು ಜಾಕ್ ಹ್ಯಾಂಡಲ್ ಬಿಟ್ಟು ಹಿಂದೆ ಸರಿಯಲು ಅಷ್ಟು ಹೊತ್ತು ಸಿಗುತ್ತದೆ.

ಇನ್ನು ದಪ್ಪ. ಇಲ್ಲಿ ಮಾತ್ರ ಸ್ವಲ್ಪ ಲೆಕ್ಕ ಮಾಡಲೇಬೇಕು. 20 ಟನ್ ಎರಡು ಪ್ಲೇಟಿಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ 10 ಟನ್. ಪ್ಲೇಟ್ ಅಗಲ 100 ಮಿ.ಮೀ. ಇರಲಿ, ಭಾರ 120 ಮಿ.ಮೀ. ಅಂತರದ ಸರಿ ಮಧ್ಯಕ್ಕೆ ಬೀಳಲಿ. ಆಗ 25 ಮಿ.ಮೀ. ಪ್ಲೇಟಿನ ಅಡಿಭಾಗದಲ್ಲಿ ಚದರ ಮಿಲಿಮೀಟರಿಗೆ ಸುಮಾರು 29 ಕೆ.ಜಿ. ಎಳೆತ ಬರುತ್ತದೆ. ಈ ದಪ್ಪದ ಎಂಎಸ್ 24 ಕೆ.ಜಿ. ಆಸುಪಾಸಿನಲ್ಲೇ ಶಾಶ್ವತವಾಗಿ ಬಾಗಲು ಶುರುವಾಗುತ್ತದೆ. ಹಾಗಾಗಿ ಗುಜರಿಯ 25 ಸಾಲದು. ಅದೇ 40 ಮಿ.ಮೀ. ಹಾಕಿದರೆ ಎಳೆತ 11 ಕೆ.ಜಿ.ಗೆ ಇಳಿಯುತ್ತದೆ. ದಪ್ಪ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿಯಾಯಿತು, ಬಲ ಮಾತ್ರ ಎರಡೂವರೆ ಪಟ್ಟಾಯಿತು. ಕೆಲಸ ವಾರೆಯಾಗಿ ಕೂತು ಇಡೀ 20 ಟನ್ ಒಂದೇ ಪ್ಲೇಟಿನ ಮೇಲೆ ಬಿದ್ದರೂ 22, 23 ಕೆ.ಜಿ.ಗೆ ನಿಲ್ಲುತ್ತದೆ. ಕೂದಲೆಳೆಯಲ್ಲಿ ಪಾರು, ಅಷ್ಟೇ. ಆದರೂ ಪಾರು.

ಶಾಫ್ಟ್ ಹೋಗಲು ಅಂಚಿನಲ್ಲಿ ಕಚ್ಚು ಕೊಡಿಸುತ್ತೀರಿ ಅಲ್ವಾ? 40 ಮಿ.ಮೀ. ಕಚ್ಚು ತೆಗೆದರೆ ಅಲ್ಲಿ ಉಳಿಯುವ ಅಗಲ 60 ಮಾತ್ರ. ಅದಕ್ಕೆ ಕಚ್ಚಿರುವ ಜೋಡಿಯನ್ನು 50 ಮಿ.ಮೀ. ದಪ್ಪದಲ್ಲೇ ಮಾಡಿಸಿ. ಕಚ್ಚಿನ ಒಳಮೂಲೆಗಳು ಚೂಪಾಗಿರಬಾರದು. ಮೊದಲು ಮೂಲೆಯಲ್ಲಿ 12 ಮಿ.ಮೀ. ಡ್ರಿಲ್ ಹಾಕಿ, ಆಮೇಲೆ ಆ ತೂತಿನವರೆಗೆ ಕತ್ತರಿಸಿದರೆ ಮೂಲೆ ತಾನೇ ದುಂಡಗಾಗುತ್ತದೆ. ಬಿರುಕು ಹುಟ್ಟುವುದು ಚೂಪು ಮೂಲೆಯಲ್ಲೇ.

ಒಂದು ಪ್ಲೇಟ್ 250 ಮಿ.ಮೀ. ಉದ್ದ ಇದ್ದರೆ ಎರಡೂ ಚಾನೆಲ್ ಮೇಲೆ ಚೆನ್ನಾಗಿ ಕೂರುತ್ತದೆ. 40 ಮಿ.ಮೀ. ದಪ್ಪದ್ದು ಎಂಟು ಕೆ.ಜಿ.ಗೆ ಸ್ವಲ್ಪ ಕಡಿಮೆ ತೂಗುತ್ತದೆ, 50ರದ್ದು ಹತ್ತಕ್ಕೆ ಹತ್ತಿರ. ಕೈಯಲ್ಲಿ ಎತ್ತಿ ಇಡುವ ತೂಕವೇ. ಗ್ಯಾಸ್ ಕಟಿಂಗ್ ಮಾಡಿಸಿದರೆ ಸಾಕು, ಆದರೆ ಕತ್ತರಿಸಿದ ಅಂಚನ್ನು ಗ್ರೈಂಡ್ ಮಾಡಿ ನುಣುಪು ಮಾಡಿ. ಎಲ್ಲ ಅಂಚುಗಳನ್ನೂ 2 ಮಿ.ಮೀ. ಇಳಿಜಾರು ಹೊಡೆಸಿ.

ಎಷ್ಟೋ ಜನ ಮರೆಯುವ ಒಂದು ವಿಷಯವಿದೆ. ಎರಡೂ ಪ್ಲೇಟುಗಳ ದಪ್ಪ ಒಂದೇ ಇರಬೇಕು. ಎರಡನ್ನೂ ಒಟ್ಟಿಗೇ ಮಿಲ್ಲಿಂಗ್ ಟೇಬಲ್‌ಗೆ ಕಟ್ಟಿ, ಒಂದೇ ಸೆಟ್ಟಿಂಗ್‌ನಲ್ಲಿ ಮೇಲ್ಮೈ ತೆಗೆಸಿ. ಒಂದು ಎತ್ತರ, ಇನ್ನೊಂದು ತಗ್ಗು ಆದರೆ ಭಾರವೆಲ್ಲ ಎತ್ತರದ್ದರ ಮೇಲೆ. ಮೇಲೆ ಮಾಡಿದ ಲೆಕ್ಕವೆಲ್ಲ ಆಗ ನೀರಿನಲ್ಲಿ ಹೋಮ.

ದಪ್ಪ ಹಾಕಲು ನಿಜಕ್ಕೂ ಜಾಗವಿಲ್ಲದಿದ್ದರೆ ಮಾತ್ರ ಟಫನ್ ಮಾಡಿದ (ಕಾಯಿಸಿ ಹದ ಮಾಡಿದ) ಇಎನ್24 ಸ್ಟೀಲ್ ತೆಗೆದುಕೊಳ್ಳಿ. ಗಟ್ಟಿಯೂ ಇದೆ, ಸುಲಭಕ್ಕೆ ಸಿಡಿಯುವುದೂ ಇಲ್ಲ. ಬೆಲೆ ಮಾತ್ರ ಜಾಸ್ತಿ.

ಗುಜರಿ ತುಂಡು ಎಂಎಸ್ ಹೌದೋ ಅಲ್ಲವೋ ಅಂತ ಅಲ್ಲೇ ಪರೀಕ್ಷೆ ಮಾಡಬಹುದು. ಅರ ಹಾಕಿ ಉಜ್ಜಿ. ಎಂಎಸ್ ಆದರೆ ಅರ ಕಚ್ಚುತ್ತದೆ, ಹಾರ್ಡ್ ಮಾಡಿದ್ದಾದರೆ ಗಾಜಿನ ಮೇಲೆ ಓಡಿದ ಹಾಗೆ ಜಾರುತ್ತದೆ. ಆಮೇಲೆ ಗ್ರೈಂಡರ್ ತಾಗಿಸಿ. ಎಂಎಸ್ ಕಿಡಿ ಉದ್ದವಾಗಿ, ನೇರವಾಗಿ ಹಾರುತ್ತದೆ. ಕಾರ್ಬನ್ ಜಾಸ್ತಿ ಇದ್ದರೆ ಸುರುಸುರುಬತ್ತಿಯ ಹಾಗೆ ನಕ್ಷತ್ರ ಒಡೆಯುತ್ತದೆ.

ಪ್ರಶ್ನೆ: ನನ್ನ ಹತ್ತಿರ 20 ಮಿ.ಮೀ. ದಪ್ಪದ ಎಂಎಸ್ ತುಂಡುಗಳು ಸುಮ್ನೆ ಬಿದ್ದಿವೆ. ಒಂದರ ಮೇಲೊಂದು ಇಟ್ಟರೆ 40 ಆಗುತ್ತದಲ್ಲ? ಪ್ರೆಸ್ 20 ಟನ್ನಿನದೇ. (ತುಮಕೂರಿನ ಓದುಗರು)

ಉತ್ತರ: ಅಳತೆಗೆ 40 ಆಗುತ್ತದೆ, ಬಲ ಮಾತ್ರ ಅರ್ಧವೇ. ಒಂದು ನೋಟ್‌ಬುಕ್ ಹಿಡಿದು ಬಗ್ಗಿಸಿ ನೋಡಿ. ಅಂಚಿನಲ್ಲಿ ಹಾಳೆಗಳು ಮೆಟ್ಟಿಲಿನ ಹಾಗೆ ಸರಿಯುತ್ತವೆ. ಬಿಡಿ ಪ್ಲೇಟುಗಳೂ ಹಾಗೇ ಒಂದರ ಮೇಲೊಂದು ಜಾರುತ್ತವೆ, ಒಂದೇ ಗಟ್ಟಿ ತುಂಡಿನಂತೆ ಕೆಲಸ ಮಾಡುವುದಿಲ್ಲ. ಸುತ್ತ ಅಲ್ಲಲ್ಲಿ ಟ್ಯಾಕ್ ವೆಲ್ಡ್ ಹಾಕಿದರೆ ಸಾಲದು, ಜಾರುವ ಬಲಕ್ಕೆ ಅವು ಕಿತ್ತು ಬರುತ್ತವೆ. ಉದ್ದದ ಎರಡೂ ಅಂಚುಗಳಿಗೆ ವಿ ಆಕಾರದ ತೋಡು ತೆಗೆದು, ತುದಿಯಿಂದ ತುದಿಗೆ ಆಳವಾಗಿ ವೆಲ್ಡ್ ತುಂಬಿಸಬೇಕು. ಆಮೇಲೆ ಶಾಖಕ್ಕೆ ಸೊಟ್ಟಗಾದದ್ದನ್ನು ಮಿಲ್ಲಿಂಗ್‌ನಲ್ಲಿ ಸರಿ ಮಾಡಿಸಬೇಕು. ಅಷ್ಟು ಖರ್ಚಿಗೆ 40ರ ಗಟ್ಟಿ ತುಂಡೇ ಬರುತ್ತದೆ ಅಂತ ನನ್ನ ಅಭಿಪ್ರಾಯ. ನಿಮ್ಮ 20 ಮಿ.ಮೀ. ತುಂಡುಗಳನ್ನು ಐದು ಟನ್ ಒಳಗಿನ ಸಣ್ಣ ಬುಷ್ ಕೆಲಸಕ್ಕೆ, ಎರಡೆರಡು ಜೋಡಿಸಿ ಇಟ್ಟುಕೊಳ್ಳಿ. ಅವುಗಳ ಮೇಲೆ "5 ಟನ್" ಅಂತ ಪಂಚ್ ಹೊಡೆದಿಡಿ, ಬೇರೆ ಯಾರಾದರೂ ತಿಳಿಯದೆ ಪೂರ್ತಿ ಭಾರ ಕೊಡದ ಹಾಗೆ.