ಭಾನುವಾರ ರಾತ್ರಿ ಆ ಅಪ್‌ಡೇಟ್ ಒತ್ತಬೇಡಿ

ನಿಲ್ಲಿ ಮಾರಾಯ್ರೇ. ಭಾನುವಾರ ರಾತ್ರಿ ಹಾಸನದ ಮನೆಯಲ್ಲಿ ಕೂತು ಮೂಡಿಗೆರೆ ತೋಟದ ಆಫೀಸಿನ ಫೋರ್ಟಿಗೇಟ್ 60ಎಫ್ ಫೈರ್‌ವಾಲ್ ಪೆಟ್ಟಿಗೆಯ ಸಾಫ್ಟ್‌ವೇರ್ ಅನ್ನು 7.4ರಿಂದ 7.6.3ಕ್ಕೆ ಏರಿಸುತ್ತೇನೆ, ಅದರಿಂದ ಸಾಫ್ಟ್‌ಫೋನಿನ (ಕಂಪ್ಯೂಟರ್, ಮೊಬೈಲ್‌ನಲ್ಲಿ ಓಡುವ ಆಫೀಸ್ ಫೋನ್) ಧ್ವನಿ ಸರಿಹೋಗಬಹುದು ಅಂತ ಬರೆದಿದ್ದೀರಿ. ಧ್ವನಿ ಇರಲಿ, ನಿಮ್ಮ ವಿಪಿಎನ್ನೇ, ಅಂದರೆ ಹೊರಗಿನಿಂದ ಆಫೀಸಿನ ನೆಟ್‌ವರ್ಕ್‌ಗೆ ಹೋಗುವ ಗುಪ್ತ ದಾರಿಯೇ, ಇರುವುದಿಲ್ಲ. 60ಎಫ್‌ನಲ್ಲಿರುವುದು 2 ಜಿಬಿ ರ‍್ಯಾಮ್. ಅಂಥ ಚಿಕ್ಕ ಪೆಟ್ಟಿಗೆಗಳಿಂದ ಎಸ್ಎಸ್ಎಲ್ ವಿಪಿಎನ್ (ವೆಬ್‌ಸೈಟ್‌ಗಳ ಎನ್‌ಕ್ರಿಪ್ಷನ್‌ನಲ್ಲೇ ಓಡುವ ಬಗೆ) ಅನ್ನು 7.6.0ರಲ್ಲೇ ತೆಗೆದುಹಾಕಿದ್ದಾರೆ. 7.6.3ರಿಂದ ದೊಡ್ಡ ಪೆಟ್ಟಿಗೆಗಳಲ್ಲೂ ಅದರ ಟನೆಲ್ ಮೋಡ್ (ಇಡೀ ಕಂಪ್ಯೂಟರನ್ನೇ ಆಫೀಸಿಗೆ ಜೋಡಿಸುವುದು) ಇಲ್ಲ, ಐಪಿಸೆಕ್ ಅನ್ನುವ ಇನ್ನೊಂದು ಬಗೆಯ ವಿಪಿಎನ್‌ಗೇ ಹೋಗಬೇಕು. ಹಳೆಯ ಸೆಟ್ಟಿಂಗ್ ತಾನಾಗಿ ಬದಲಾಗಿ ಬರುವುದೂ ಇಲ್ಲ. ನೀವು ಒಳಗೆ ಹೋಗುತ್ತಿರುವುದು ಅದೇ ಎಸ್ಎಸ್ಎಲ್ ವಿಪಿಎನ್‌ನಿಂದ, ಅಲ್ವಾ? ಕೂತ ಕೊಂಬೆಗೇ ಕೊಡಲಿ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ, ನಾನು ಇದನ್ನೇ ಮಾಡಿದ್ದೆ. ಬೇರೆ ಕಂಪನಿಯ ಪೆಟ್ಟಿಗೆ, ಹೆಸರು ಬೇಡ. ಜುಲೈ ತಿಂಗಳು, ಶುಕ್ರವಾರ ರಾತ್ರಿ, ಮನೆಯಿಂದಲೇ ಅಪ್‌ಡೇಟ್ ಒತ್ತಿದೆ. ಐದು ನಿಮಿಷ ಕಾದೆ, ಹತ್ತು ನಿಮಿಷ ಕಾದೆ, ಪಿಂಗ್ ಮಾಡಿದರೆ ಪೆಟ್ಟಿಗೆಯಿಂದ ಉತ್ತರ ಇಲ್ಲ. ತೋಟದ ರೈಟರಿಗೆ (ಲೆಕ್ಕ ಬರೆಯುವವರಿಗೆ) ಫೋನ್ ಮಾಡಿದರೆ ಸಿಗ್ನಲ್ ಇಲ್ಲ. ಬೆಳಿಗ್ಗೆ ಹೊರಟರೆ ಬೇಲೂರು ದಾಟಿದ ಮೇಲೆ ರಸ್ತೆಗೆ ಅಡ್ಡ ಮರ ಬಿದ್ದಿದೆ, ಅದನ್ನು ಕಡಿದು ಸರಿಸುವ ತನಕ ಗಾಡಿಯಲ್ಲೇ ಕೂತಿದ್ದು, ತಲುಪುವಾಗ ಮಧ್ಯಾಹ್ನ. ಪೆಟ್ಟಿಗೆ ಚೆನ್ನಾಗಿಯೇ ಇತ್ತು, ದೀಪ ಎಲ್ಲ ಹಸಿರು. ಹೊಸ ವರ್ಷನ್‌ನಲ್ಲಿ ಹಳೆಯ ಎನ್‌ಕ್ರಿಪ್ಷನ್ ಬಿಟ್ಟಿದ್ದರು, ಹಾಸನದ ಕಡೆಯದು ಅದನ್ನೇ ಕೇಳುತ್ತಿತ್ತು, ಎರಡರ ನಡುವಿನ ವಿಪಿಎನ್ ಟನೆಲ್ ಏಳಲಿಲ್ಲ. ನೆಟ್‌ವರ್ಕ್ ಇಲ್ಲದಾಗ ಪೆಟ್ಟಿಗೆಗೆ ನೇರ ಚುಚ್ಚಿ ಒಳಗೆ ಹೋಗುವ ಕನ್ಸೋಲ್ ಕೇಬಲ್ ಎಲ್ಲಿ? ಹಾಸನದಲ್ಲಿ, ಟಿವಿ ಪಕ್ಕದ ಡ್ರಾಯರ್‌ನಲ್ಲಿ. ಅವತ್ತು ಬಟವಾಡೆ. ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪಟ್ಟಿ) ಇದ್ದದ್ದು ಹಾಸನದ ಸರ್ವರ್‌ನಲ್ಲಿ. ರೈಟರು ನೋಟ್‌ಬುಕ್ ತೆಗೆದು ಕೈಯಲ್ಲೇ ಲೆಕ್ಕ ಹಾಕಿದರು, ಆಳುಗಳು ಕತ್ತಲಾಗುವ ತನಕ ಕಣದಲ್ಲಿ ಕಾದರು. ನನ್ನನ್ನು ಯಾರೂ ಬೈಯಲಿಲ್ಲ, ಅದೇ ಕಷ್ಟವಾಗಿದ್ದು. ರಿಲೀಸ್ ನೋಟ್ಸ್‌ನಲ್ಲಿ ಎಲ್ಲ ಬರೆದಿತ್ತು. ನಾನು ಓದಿದ್ದು 'ಹೊಸದೇನು' ಅನ್ನುವ ಪುಟ ಮಾತ್ರ.

ಅವತ್ತಿನಿಂದ ಎರಡನೇ ದಾರಿ ಇಲ್ಲದೆ ಯಾವ ಗೇಟ್‌ವೇ ಪೆಟ್ಟಿಗೆಯನ್ನೂ ಮುಟ್ಟುವುದಿಲ್ಲ. ಒಂದು ಹಳೆ ಲ್ಯಾಪ್‌ಟಾಪ್ ತೋಟದ ಆಫೀಸಿನಲ್ಲಿಡಿ. ಕನ್ಸೋಲ್ ಕೇಬಲ್ ಅದಕ್ಕೇ ಚುಚ್ಚಿರಲಿ. ಇಂಟರ್ನೆಟ್ ಆಫೀಸಿನದ್ದಲ್ಲ, ಬೇರೆ ಕಂಪನಿಯ ಸಿಮ್ ಹಾಕಿದ ಡಾಂಗಲ್. ಅದರಿಂದ ನಿಮ್ಮ ಮನೆಗೆ ವೈರ್‌ಗಾರ್ಡ್ ಅನ್ನುವ ವಿಪಿಎನ್, ಸಂಪರ್ಕ ಜೀವಂತ ಇಡುವ ಕೀಪ್‌ಅಲೈವ್ 25 ಸೆಕೆಂಡ್. ಸಿಮ್‌ಗೆ ಪಬ್ಲಿಕ್ ಐಪಿ (ಹೊರಗಿನಿಂದ ನೇರ ತಲುಪುವ ವಿಳಾಸ) ಸಿಗುವುದಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ, ಸಂಪರ್ಕ ಅಲ್ಲಿಂದಲೇ ಶುರುವಾಗಿ ಹೊರಗೆ ಹೋಗುತ್ತದೆ. ಆದರೆ ಮನೆ ಕಡೆ ಪಬ್ಲಿಕ್ ಐಪಿ ಬೇಕು. ನಿಮ್ಮ ರೂಟರ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ಐಪಿ 100.64ರಿಂದ 100.127ರ ಒಳಗಿದ್ದರೆ ನೀವೂ ಸಿಜಿನ್ಯಾಟ್ (ಒಂದೇ ಪಬ್ಲಿಕ್ ಐಪಿಯನ್ನು ಹಲವರಿಗೆ ಹಂಚುವ ಏರ್ಪಾಡು) ಹಿಂದಿದ್ದೀರಿ, ಬದಲಾಗದ ಸ್ಟ್ಯಾಟಿಕ್ ಐಪಿ ಕೇಳಿ ತಗೊಳ್ಳಿ. ಇನ್ನೊಂದು ಮಾತು. ಆ ಜಾಗದಲ್ಲಿ ಸಿಗ್ನಲ್ ಇದೆಯಾ ಅಂತ ಬಿಸಿಲಿನ ದಿನ ನೋಡಬೇಡಿ, ಕರೆಂಟ್ ಹೋಗಿ ನಾಲ್ಕು ಗಂಟೆ ಆದ ಮೇಲೆ ನೋಡಿ. ಟವರ್ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅನ್ನುವುದು ಆಗಲೇ ಗೊತ್ತಾಗುವುದು.

ಈಗ ನಿಮ್ಮ ಧ್ವನಿ ವಿಷಯ. ಆಫೀಸಿನಲ್ಲಿರುವವರು ಹೊರಗಿರುವವರ ಜೊತೆ ಮಾತಾಡಿದರೆ ಸರಿ ಇದೆ, ಇಬ್ಬರೂ ವಿಪಿಎನ್‌ನಲ್ಲಿದ್ದಾಗ ಮಾತ್ರ ತೊಂದರೆ, ರಿಂಗ್ ಆಗುತ್ತದೆ, ಎತ್ತಿದರೆ ನಿಶ್ಶಬ್ದ ಅಂದಿರಿ. ಇದಕ್ಕೂ ಅಪ್‌ಡೇಟ್‌ಗೂ ಸಂಬಂಧ ಇರುವ ಹಾಗೆ ಕಾಣುವುದಿಲ್ಲ. ರಿಂಗ್ ತರುವ ಎಸ್ಐಪಿ ಸಂದೇಶ ನಿಮ್ಮ ಪಿಬಿಎಕ್ಸ್ (ಆಫೀಸಿನ ಫೋನ್ ಎಕ್ಸ್‌ಚೇಂಜ್) ಮೂಲಕ ಬರುತ್ತದೆ, ಧ್ವನಿ ಹೊರುವ ಆರ್‌ಟಿಪಿ ಒಬ್ಬರಿಂದ ಇನ್ನೊಬ್ಬರಿಗೆ ನೇರ ಹೋಗಲು ನೋಡುತ್ತದೆ. ಟನೆಲ್‌ನಿಂದ ಅದೇ ಟನೆಲ್‌ಗೆ ಹೋಗಲು ಬಿಡುವ ಪಾಲಿಸಿ (ಫೈರ್‌ವಾಲ್ ನಿಯಮ) ಹಾಕಿದ್ದೀರಾ? ಸ್ಪ್ಲಿಟ್ ಟನೆಲ್ (ಪಟ್ಟಿಯಲ್ಲಿರುವ ಐಪಿಗಳದ್ದು ಮಾತ್ರ ವಿಪಿಎನ್‌ನಲ್ಲಿ ಹೋಗುವ ಬಗೆ) ಇದ್ದರೆ ವಿಪಿಎನ್ ಬಳಕೆದಾರರ ಐಪಿ ರೇಂಜ್ ಕೂಡ ಅದರ ಪಟ್ಟಿಯಲ್ಲಿದೆಯಾ? ಹೆಚ್ಚಿನ ಸಲ ಅಲ್ಲೇ ಇರುತ್ತದೆ ಕಥೆ. ಇಲ್ಲವಾದರೆ ಧ್ವನಿಯೂ ಪಿಬಿಎಕ್ಸ್ ಮೂಲಕವೇ ಹೋಗಲಿ ಅಂತ ಸೆಟ್ ಮಾಡಿ. ಅದೂ ಅಲ್ಲ ಅಂದರೆ ಪೆಟ್ಟಿಗೆ ಎಸ್ಐಪಿ ಸಂದೇಶವನ್ನು ನಡುವೆ ತಿದ್ದುವ ಎಸ್ಐಪಿ ಎಎಲ್‌ಜಿ ಆಫ್ ಮಾಡಿ ನೋಡಿ. ಜಿ.711 ಕೋಡೆಕ್ (ಧ್ವನಿಯನ್ನು ಡೇಟಾ ಮಾಡುವ ವಿಧಾನ) ಒಂದು ಕರೆಗೆ ಒಂದು ದಿಕ್ಕಿಗೆ ಸುಮಾರು 87 ಕೆಬಿಪಿಎಸ್ ತಿನ್ನುತ್ತದೆ, ವಿಪಿಎನ್ ಹೊದಿಕೆ ಬೇರೆ. ಜಿ.729 ಆದರೆ ಸುಮಾರು 31ರಲ್ಲಿ ಮುಗಿಯುತ್ತದೆ. ಮಳೆಗಾಲದ ಸಿಮ್ ಲೈನಿಗೆ ಅದೇ ಸಾಕು.

ಐಪಿಸೆಕ್ ಕಟ್ಟಲೇಬೇಕು, ಅದರಲ್ಲಿ ಮಾತಿಲ್ಲ. ಆದರೆ ಈಗಿನ 7.4ರಲ್ಲೇ ಕಟ್ಟಿ. ಎರಡೂ ಜೊತೆಗೆ ಎರಡು ವಾರ ಓಡಲಿ, ಎಲ್ಲರೂ ಆ ಕಡೆ ಬಂದ ಮೇಲೆ ಎಸ್ಎಸ್ಎಲ್ ಬಂದ್ ಮಾಡಿ, ಆಮೇಲೆ ಅಪ್‌ಡೇಟ್. ಅಲ್ಲಿಯ ತನಕ 7.4ರ ಪ್ಯಾಚ್‌ಗಳನ್ನು ಬಿಡದೆ ಹಾಕಿ. ಫೋರ್ಟಿಗೇಟ್‌ನ ಎಸ್ಎಸ್ಎಲ್ ವಿಪಿಎನ್‌ನಲ್ಲಿ ಸಿಕ್ಕಿದ ಸಿವಿಇ-2018-13379 ಅನ್ನುವ ಲೋಪ ನೆನಪಿರಲಿ, ಲಾಗಿನ್ ಇಲ್ಲದೆಯೇ ಹೊರಗಿನಿಂದ ಪಾಸ್‌ವರ್ಡ್ ಓದಬಹುದಾಗಿತ್ತು, ಪ್ಯಾಚ್ ಬಂದು ವರ್ಷಗಳಾದರೂ ಹಾಕದವರು ಸಿಕ್ಕಿಬಿದ್ದರು. ಐಪಿಸೆಕ್‌ಗೆ ಯುಡಿಪಿ 500 ಮತ್ತು 4500 ಪೋರ್ಟ್ ಬೇಕು, ಕೆಲವು ಲಾಡ್ಜ್ ವೈಫೈನಲ್ಲಿ ಅದು ಬಂದ್ ಇರುತ್ತದೆ. ಟನೆಲ್ ಎದ್ದರೂ ದೊಡ್ಡ ಫೈಲ್ ಮಾತ್ರ ತೆರೆಯದಿದ್ದರೆ ಎಂಎಸ್ಎಸ್ (ಒಂದು ಪ್ಯಾಕೆಟ್ ಹೊರುವ ಡೇಟಾದ ಮಿತಿ) ಇಳಿಸಿ, ನನಗೆ 1350 ಸರಿ ಬಂದಿದೆ.

ದೂರದಿಂದ ಸೆಟ್ಟಿಂಗ್ ಬದಲಿಸುವಾಗ ಮೊದಲು ಫೋರ್ಟಿಗೇಟ್‌ನ ಸಿಎಫ್‌ಜಿ-ಸೇವ್ (cfg-save) ಅನ್ನುವ ಆಯ್ಕೆಯನ್ನು ರಿವರ್ಟ್‌ಗೆ (revert) ಹಾಕಿ. ನೀವು ಸೇವ್ ಮಾಡದಿದ್ದರೆ 600 ಸೆಕೆಂಡ್‌ಗೆ ಪೆಟ್ಟಿಗೆ ರೀಬೂಟ್ ಆಗಿ ಹಳೆಯ ಸೆಟ್ಟಿಂಗ್‌ಗೆ ಬರುತ್ತದೆ. ಫರ್ಮ್‌ವೇರ್‌ಗೆ (ಪೆಟ್ಟಿಗೆಯ ಸಾಫ್ಟ್‌ವೇರ್ ಅಪ್‌ಡೇಟ್‌ಗೆ) ಇದು ಕೆಲಸ ಮಾಡುವುದಿಲ್ಲ, ಸೆಟ್ಟಿಂಗ್‌ಗೆ ಮಾತ್ರ. ಮೈಕ್ರೋಟಿಕ್ ಕಂಪನಿಯ ರೂಟರ್‌ಗಳ ಸೇಫ್ ಮೋಡ್ ಇದಕ್ಕಿಂತ ಇಷ್ಟ ನನಗೆ, ಸಂಪರ್ಕ ತಪ್ಪಿದರೆ ತಾನೇ ಹಿಂದೆ ಹೋಗುತ್ತದೆ. ಆದರೆ ಹೊಸಬರ ಕೈಗೆ ಮೈಕ್ರೋಟಿಕ್ ಕೊಡಬೇಡಿ.

ಡೀಲರ್ ನಿಮಗೆ ಬೇಕಾದ ಸೌಲಭ್ಯ 'ಮುಂದಿನ ವರ್ಷನ್‌ನಲ್ಲಿ ಬರುತ್ತೆ' ಅಂದಿದ್ದಕ್ಕೆ ಲೈಸೆನ್ಸ್ ಮೂರು ವರ್ಷಕ್ಕೆ ತಗೊಳ್ಳಬೇಕಾ ಅಂತಲೂ ಕೇಳಿದ್ದೀರಿ. ಬೇಡ. ಮೈಕ್ರೋಸಾಫ್ಟ್‌ನ ಯುಎಜಿ 2010 (ಹೊರಗಿನಿಂದ ಆಫೀಸಿಗೆ ಹೋಗುವ ಗೇಟ್‌ವೇ ಸಾಫ್ಟ್‌ವೇರ್) ನೋಡಿ, ಆ ಹೆಸರಿನಲ್ಲಿ ಮುಂದಿನ ವರ್ಷನ್ನೇ ಬರಲಿಲ್ಲ, 2020ರ ಏಪ್ರಿಲ್ 14ಕ್ಕೆ ಪೂರ್ತಿ ಸಪೋರ್ಟ್ ಮುಗಿಯಿತು. ಅವರದೇ ವಿಪಿಎನ್ ಥರದ ಡೈರೆಕ್ಟ್ ಆಕ್ಸೆಸ್‌ಗೂ 2024ರಲ್ಲಿ ಕೈಬಿಡುವ ಸೂಚನೆ ಬಂತು. ಇವತ್ತು ಪೆಟ್ಟಿಗೆಯಲ್ಲಿ ಇರುವುದಕ್ಕೆ ಮಾತ್ರ ದುಡ್ಡು ಕೊಡಿ.

ಕೊಯ್ಲು ಶುರುವಾಗುವ ಮೊದಲು ಇದೆಲ್ಲ ಮುಗಿಸಿ, ಬಟವಾಡೆಯ ಹಿಂದಿನ ದಿನವಂತೂ ಕೈ ಹಾಕಬೇಡಿ. ನನ್ನ ಕನ್ಸೋಲ್ ಕೇಬಲ್ ಈಗ ಗಾಡಿಯಲ್ಲೇ ಇರುತ್ತದೆ. ಬುಧವಾರ ಮೂಡಿಗೆರೆ ಕಡೆ ಬರುತ್ತೇನೆ, ಬೇಕಿದ್ದರೆ ಹ್ಯಾಂಡ್‌ಪೋಸ್ಟ್‌ನಲ್ಲಿ ಸಿಗಿ, ಕೊಟ್ಟು ಹೋಗುತ್ತೇನೆ. ವಾಪಸ್ ಮಾತ್ರ ಕೊಡಿ.