ಮ್ಯಾಪಿನಲ್ಲಿ ಕಾಣದ ಎನ್‌ಡಿ3 ಲೂಪನ್ನು ಆಲ್ಫಾಫೋಲ್ಡ್ (ಪ್ರೋಟೀನಿನ ಆಕಾರ ಊಹಿಸುವ ತಂತ್ರಾಂಶ) ಮಾದರಿಯಿಂದ ತುಂಬಬಹುದೇ?

ತುಂಬಬೇಡಿ. ಇಲಿ ಹೃದಯದ ಕಾಂಪ್ಲೆಕ್ಸ್ 1ರ (ಮೈಟೋಕಾಂಡ್ರಿಯಾದ ಪೊರೆಯಲ್ಲಿ ಎನ್‌ಎಡಿಎಚ್‌ನಿಂದ ಎಲೆಕ್ಟ್ರಾನ್ ತೆಗೆದು ಕ್ವಿನೋನ್ ಎಂಬ ಅಣುವಿಗೆ ಕೊಡುವ ಕಿಣ್ವ) ಕ್ರಯೋ-ಇಎಂ ಮ್ಯಾಪಿನಲ್ಲಿ (ಹೆಪ್ಪುಗಟ್ಟಿಸಿದ ಕಣಗಳ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಚಿತ್ರಗಳ ಸರಾಸರಿಯಿಂದ ಸಿಗುವ ಸಾಂದ್ರತೆಯ ನಕ್ಷೆ) ಇದೇ ತುಂಡು, ಎಂದರೆ ಎನ್‌ಡಿ3 ಎಂಬ ಪ್ರೋಟೀನ್ ಘಟಕದ ಲೂಪ್, ಕಾಣೆಯಾಗಿದ್ದನ್ನು ನಾನೂ ನೋಡಿದ್ದೇನೆ. ಅದು ಗ್ರಿಡ್ಡಿನ (ಸ್ಯಾಂಪಲ್ ಹೆಪ್ಪುಗಟ್ಟಿಸುವ ಜಾಲರಿಯ) ದೋಷ ಎಂದು ನಿಮ್ಮ ಪ್ರಶ್ನೆಯಲ್ಲಿ ನೀವು ಹೊರಟಿದ್ದೀರಲ್ಲ, ಆ ದಾರಿಯನ್ನೇ ನಾನು ಒಪ್ಪುವುದಿಲ್ಲ.

ಎನ್‌ಎಡಿಎಚ್ ಸಿಗದೆ 37 ಡಿಗ್ರಿಯಲ್ಲಿ ಕಾಲು ಗಂಟೆ, ಅರ್ಧ ಗಂಟೆ ಇದ್ದರೆ ಈ ಕಿಣ್ವ ನಿಷ್ಕ್ರಿಯ ಸ್ಥಿತಿಗೆ ಜಾರುತ್ತದೆ. ಆಗ ಕ್ವಿನೋನ್ ಕೂರುವ ಗುಳಿಯ ಸುತ್ತಲಿನ ಲೂಪ್‌ಗಳು ಬಿಗಿ ಕಳೆದುಕೊಳ್ಳುತ್ತವೆ: ಎನ್‌ಡಿ3ರಲ್ಲಿ 1 ಮತ್ತು 2ನೇ ಹೆಲಿಕ್ಸ್‌ಗಳ ನಡುವಿನದು, ಎನ್‌ಡಿ1ರಲ್ಲಿ 5 ಮತ್ತು 6ರ ನಡುವಿನದು, ಎನ್‌ಡಿಯುಎಫ್‌ಎಸ್2ರಲ್ಲಿ ಮೊದಲೆರಡು ಬೀಟಾ ಎಳೆಗಳ ನಡುವಿನದು (ಈ ಮೂರೂ ಇದೇ ಕಿಣ್ವದ ಘಟಕಗಳು). ಒಂದೊಂದು ಕಣದಲ್ಲಿ ಅವು ಒಂದೊಂದು ಕಡೆ ಇರುವುದರಿಂದ ಸರಾಸರಿ ತೆಗೆದಾಗ ಸಾಂದ್ರತೆ ಅಳಿಸಿಹೋಗುತ್ತದೆ. 2018ರಲ್ಲಿ ಪ್ರಕಟವಾದ ಇಲಿಯ ರಚನೆಗಳಲ್ಲೂ ಹೀಗೇ: ಸಕ್ರಿಯ ಸ್ಥಿತಿಯಲ್ಲಿ ಲೂಪ್‌ಗಳು ಕಾಣುತ್ತವೆ, ನಿಷ್ಕ್ರಿಯದಲ್ಲಿ ಇಲ್ಲ.

‘ಆಕ್ಟಿವಿಟಿ ಚೆನ್ನಾಗಿಯೇ ಬಂತು’ ಎಂದು ಬರೆದಿದ್ದೀರಿ. ತಿಂಗಳುಗಟ್ಟಲೆ ಕೆಲಸ ಹಾಳಾಗುವುದು ಇಲ್ಲೇ. ಎನ್‌ಎಡಿಎಚ್ ಖರ್ಚಾಗುವ ವೇಗವನ್ನು 340 ನ್ಯಾನೋಮೀಟರ್‌ನಲ್ಲಿ ಅಳೆಯಲು ನೀವು ಎನ್‌ಎಡಿಎಚ್ ಹಾಕುತ್ತೀರಿ, ಪೊರೆಯಲ್ಲಿ ಕ್ವಿನೋನ್ ಇದ್ದೇ ಇದೆ, ಕಿಣ್ವ ಒಂದಷ್ಟು ಸುತ್ತು ತಿರುಗಿ ಮತ್ತೆ ಸಕ್ರಿಯವಾಗುತ್ತದೆ. ಶುರುವಿನಲ್ಲಿ ಸ್ವಲ್ಪ ತಡವರಿಸಿ ಆಮೇಲೆ ಇಳಿಜಾರು ಪೂರ್ತಿ ಬರುತ್ತದೆ. ಮಲಗಿದವನನ್ನು ತಟ್ಟಿ ಎಬ್ಬಿಸಿ ‘ಎಚ್ಚರವಿದ್ದೀಯಾ’ ಎಂದು ಕೇಳಿದ ಹಾಗೆ. ಗ್ರಿಡ್ಡಿನ ಮೇಲೆ ಹೋದದ್ದು ಎಬ್ಬಿಸದ ಕಿಣ್ವ. ರುಥೇನಿಯಂ ಅಸ್ಸೇ (ಕ್ವಿನೋನ್ ಬದಲು ರುಥೇನಿಯಂ ಸಂಯುಕ್ತಕ್ಕೆ ಎಲೆಕ್ಟ್ರಾನ್ ಕೊಡಿಸಿ ಅಳೆಯುವುದು) ಮಾಡಿದರೂ ಪ್ರಯೋಜನವಿಲ್ಲ, ಆ ಕ್ರಿಯೆ ಎನ್‌ಎಡಿಎಚ್ ಬಂದು ಕೂರುವ ಫ್ಲೇವಿನ್ ಬಳಿಯೇ ಮುಗಿಯುತ್ತದೆ, ಕ್ವಿನೋನ್ ಗುಳಿಯ ಸ್ಥಿತಿ ಅದಕ್ಕೆ ಗೊತ್ತಾಗುವುದಿಲ್ಲ.

ಎನ್‌-ಈಥೈಲ್‌ಮಲಿಮೈಡ್ (ಎನ್‌ಇಎಂ, ಸಿಸ್ಟೀನ್‌ಗೆ ಅಂಟುವ ರಾಸಾಯನಿಕ) ಪರೀಕ್ಷೆ ಮಾಡಿ. ಪೊರೆಯ ಸ್ಯಾಂಪಲನ್ನು ಎರಡು ಪಾಲು ಮಾಡಿ. ಒಂದಕ್ಕೆ 5ರಿಂದ 10 ಮೈಕ್ರೋಮೋಲಾರ್ ಎನ್‌ಎಡಿಎಚ್ ಕೊಟ್ಟು, ಅದು ಖರ್ಚಾದ ಕೂಡಲೇ ಐಸ್ ಮೇಲಿಡಿ. ಇನ್ನೊಂದನ್ನು ಇದ್ದ ಹಾಗೇ ಬಿಡಿ. ಎರಡಕ್ಕೂ 2 ಮಿಲಿಮೋಲಾರ್ ಎನ್‌ಇಎಂ ಹಾಕಿ, ಐಸ್ ಮೇಲೆ 20 ನಿಮಿಷ ಇಟ್ಟು ಆಮೇಲೆ ಅಳೆಯಿರಿ. ನಿಷ್ಕ್ರಿಯ ಕಿಣ್ವದಲ್ಲಿ ಎನ್‌ಡಿ3ರ ಸಿಸ್ಟೀನ್ 39 ಹೊರಗೆ ತೆರೆದುಕೊಂಡಿರುತ್ತದೆ. ಎನ್‌ಇಎಂ ಅದಕ್ಕೆ ಅಂಟಿತೆಂದರೆ ಆ ಕಿಣ್ವ ಮತ್ತೆ ಏಳುವುದಿಲ್ಲ. ಎರಡೂ ಪಾಲುಗಳಿಂದ ರೋಟೆನೋನ್ (ಕಾಂಪ್ಲೆಕ್ಸ್ 1ನ್ನು ತಡೆಯುವ ವಿಷ) ತಡೆಯದ ಭಾಗವನ್ನು ಕಳೆಯಿರಿ. ಎನ್‌ಎಡಿಎಚ್ ಕಾಣದ ಪಾಲಿನ ವೇಗವನ್ನು ಇನ್ನೊಂದರ ವೇಗದಿಂದ ಭಾಗಿಸಿದರೆ ಸಕ್ರಿಯ ಅಂಶ ಎಷ್ಟೆಂದು ಸಿಗುತ್ತದೆ. ಬಫರಿನಲ್ಲಿ ಡಿಟಿಟಿ (ಸಿಸ್ಟೀನ್‌ನಂತೆಯೇ ಥಯಾಲ್ ಗುಂಪಿರುವ ರಾಸಾಯನಿಕ) ಇರಲೇಬಾರದು. ಇದ್ದರೆ ಅದೇ ಎನ್‌ಇಎಂ ಅನ್ನು ನುಂಗಿಬಿಡುತ್ತದೆ, ಸ್ಯಾಂಪಲ್ ಎಲ್ಲ ಸಕ್ರಿಯವಾಗಿದ್ದಂತೆ ತೋರುತ್ತದೆ. ಎನ್‌ಇಎಂ ನೀರಿನಲ್ಲಿ ಕೆಡುವುದರಿಂದ ಆಗಿಂದಾಗಲೇ ಕರಗಿಸಿಕೊಳ್ಳಿ.

ಸಕ್ರಿಯ ಸ್ಥಿತಿಯ ರಚನೆಯೇ ಬೇಕಿದ್ದರೆ ಎನ್‌ಎಡಿಎಚ್ ಕೊಡುವ ಕೆಲಸ ಪೊರೆಯ ಹಂತದಲ್ಲೇ ಆಗಲಿ. ಡಿಟರ್ಜೆಂಟ್ ಹಾಕಿ ಶುದ್ಧ ಮಾಡಿದ ಮೇಲೆ ಕ್ವಿನೋನ್ ಕೊಡದೆ ಬರೀ ಎನ್‌ಎಡಿಎಚ್ ಕೊಟ್ಟರೆ ಕಿಣ್ವ ತಿರುಗುವುದಿಲ್ಲ. ಅಲ್ಲಿಂದ ಗ್ರಿಡ್ಡಿನವರೆಗೆ ತಣ್ಣಗೇ ಇರಲಿ.

ಆಲ್ಫಾಫೋಲ್ಡ್ ವಿಶ್ವಾಸಾಂಕ 50ಕ್ಕಿಂತ ಕೆಳಗಿದ್ದರೆ ಆ ಭಾಗಕ್ಕೆ ನಿಶ್ಚಿತ ಆಕಾರವಿಲ್ಲದಿರುವ ಸಾಧ್ಯತೆ ಹೆಚ್ಚು. ಆದರೆ ಅಂಕ ಮೇಲಿದ್ದ ಮಾತ್ರಕ್ಕೆ ನಿಮ್ಮ ಸ್ಯಾಂಪಲಿನಲ್ಲೂ ಲೂಪ್ ಹಾಗೇ ಮಡಚಿದೆ ಎಂದಲ್ಲ. ಕಾಣದ ಅಮೈನೋ ಆಮ್ಲಗಳನ್ನು ಮಾದರಿಯಲ್ಲಿ ಖಾಲಿ ಬಿಡಿ. ಪರೀಕ್ಷೆಯಲ್ಲಿ ಸ್ಯಾಂಪಲ್ ಬಹುಪಾಲು ಸಕ್ರಿಯ ಎಂದು ಬಂದೂ ಲೂಪ್ ಕಾಣದಿದ್ದರೆ, ಆ ಗುಳಿಯ ಸುತ್ತ ಮಾಸ್ಕ್ (ಆ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವ ಆವರಣ) ಹಾಕಿ ಕಣಗಳನ್ನು ಮತ್ತೊಮ್ಮೆ ವಿಂಗಡಿಸಿ ನೋಡಿ.