ತುಮಕೂರಿನಲ್ಲಿ ಹೊಸ ಒಳಾಂಗಣ ಕ್ರೀಡಾಂಗಣ: ನಕ್ಷೆಯಲ್ಲಿ ಏನನ್ನು ನೋಡಬೇಕು?

ನಗರದಲ್ಲಿ ಹೊಸ ಒಳಾಂಗಣ ಕ್ರೀಡಾಂಗಣ ಕಟ್ಟುವಾಗ ನಾಗರಿಕರು ಏನನ್ನು ವಿಚಾರಿಸಬೇಕು ಎಂದು ಕೇಳಿದ್ದೀರಿ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ತುಮಕೂರಿಗೆ ಕಾಮಗಾರಿಗಳು ಹೊಸದಲ್ಲ. ಶಂಕುಸ್ಥಾಪನೆಯ ಫಲಕಕ್ಕಂತೂ ಎಂದೂ ಬರವಿಲ್ಲ.

ಮುಂಭಾಗದ ಗಾಜಿನ ಅಲಂಕಾರ ಬಿಡಿ, ಒಳಗಿನ ಅಳತೆ ಕೇಳಿ. ಬ್ಯಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಸುತ್ತ ಎರಡೆರಡು ಮೀಟರ್ ಬಿಟ್ಟರೆ ಅದೇ ಜಾಗದಲ್ಲಿ ಅಡ್ಡಲಾಗಿ ನಾಲ್ಕು ಬ್ಯಾಡ್ಮಿಂಟನ್ ಅಂಕಣಗಳು ಹಿಡಿಸುತ್ತವೆ. ಪುರುಷರ ಕಬಡ್ಡಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಮ್ಯಾಟ್ ಸಾಕು. ವಾಲಿಬಾಲ್‌ಗೆ ಅಂಕಣದ ಮೇಲೆ ಕನಿಷ್ಠ 7 ಮೀಟರ್ ಖಾಲಿ ಇರಬೇಕು, ಅಡ್ಡತೊಲೆಯೂ ಅದರೊಳಗೆ ಬರಬಾರದು.

ಶಟಲ್ ಕಾಕಿನ ತೂಕ 4.74ರಿಂದ 5.50 ಗ್ರಾಂ ಅಷ್ಟೇ. ತೆರೆದ ಕಿಟಕಿಯ ಗಾಳಿಗೆ, ಪಕ್ಕದ ಫ್ಯಾನಿಗೆ ಅದು ದಾರಿ ತಪ್ಪುತ್ತದೆ. ಎದುರಿನ ಗೋಡೆಗೆ ಬಿಳಿ ಸುಣ್ಣ ಬಳಿದರೆ ಬಿಳಿ ಗರಿ ಕಣ್ಣಿಗೇ ಬೀಳುವುದಿಲ್ಲ. ದೀಪಗಳು ಅಂಕಣದ ನೆತ್ತಿಯ ಮೇಲಿರದೆ ಪಕ್ಕದಲ್ಲಿರಬೇಕು. ನೆಲಕ್ಕೆ ಗ್ರಾನೈಟ್ ಹಾಕಿದರೆ ಮಂಡಿಗೆ ಪೆಟ್ಟು. ಮರದ ನೆಲ ಹಾಕಿದರೆ ಸಭೆ ಸಮಾರಂಭಕ್ಕೆ ಬಾಡಿಗೆ ಕೊಡಬಾರದು: ಕಬ್ಬಿಣದ ಕುರ್ಚಿ ಎಳೆದಾಡಿದ ಗೀರುಗಳು ಆಮೇಲೆ ಹೋಗುವುದಿಲ್ಲ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಅಪಾಯ.

ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸುವ ಕೋಣೆ, ಶೌಚಾಲಯ ನಕ್ಷೆಯಲ್ಲೇ ಇರಲಿ. ಸಂಜೆಯ ಹೊತ್ತನ್ನೆಲ್ಲ ಶುಲ್ಕ ಕೊಡುವ ಸದಸ್ಯರಿಗೇ ಹಂಚಿದರೆ ಸರ್ಕಾರಿ ಶಾಲೆಯ ಮಕ್ಕಳು ಎಲ್ಲಿ ಆಡಬೇಕು? ವೇಳಾಪಟ್ಟಿಯನ್ನು ಟೆಂಡರ್‌ಗೆ ಮೊದಲೇ ಪಾಲಿಕೆಯಿಂದ ಬರಹದಲ್ಲಿ ಪಡೆಯಿರಿ.